ನಿವೃತ್ತಿಯ ಬಳಿಕ ಮನೆಯಂಥ ವ್ಯಾನಿನಲ್ಲಿ ಪ್ರವಾಸ: ಸುಖವೆಷ್ಟು, ಖರ್ಚೆಷ್ಟು?

ಭಾನುವಾರದ ಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ನಿಂತು ಮಾತನಾಡುವಾಗ ಇತ್ತೀಚೆಗೆ ಒಂದು ಹೊಸ ವಿಷಯ ಕಿವಿಗೆ ಬೀಳುತ್ತಿದೆ. ಮಕ್ಕಳು ದುಬಾಯಿಯಲ್ಲೋ ಕೆನಡಾದಲ್ಲೋ ನೆಲೆಸಿದ್ದಾರೆ. ಮನೆ ಸಾಲ ತೀರಿದೆ. ಕೈಯಲ್ಲಿ ಗ್ರಾಚ್ಯುಟಿ, ಭವಿಷ್ಯನಿಧಿ ಎಂದು ಒಂದಷ್ಟು ಹಣವಿದೆ. ಮೊಣಕಾಲು ಇನ್ನೂ ಪೂರ್ತಿ ಕೈಕೊಟ್ಟಿಲ್ಲ. "ಒಂದು ವ್ಯಾನ್ ತೆಗೆದುಕೊಳ್ಳುವ. ಅದರಲ್ಲೇ ಮಲಗುವ, ಅದರಲ್ಲೇ ಅಡಿಗೆ ಮಾಡುವ, ಊರೂರು ತಿರುಗುವ" ಎಂದು ಒಬ್ಬರು ಹೇಳಿದರೆ ಸುತ್ತ ನಿಂತವರ ಮುಖದಲ್ಲಿ ನಗು ಮೂಡುತ್ತದೆ. ಆ ನಗುವಿನಲ್ಲಿ ಅರ್ಧ ತಮಾಷೆ, ಅರ್ಧ ಆಸೆ.

ನಾವು ನಾಲ್ವರು, ಎಂದರೆ ಎರಡು ಜೋಡಿ, ಈ ಆಸೆಯನ್ನು ಒಮ್ಮೆ ಪರೀಕ್ಷಿಸಿ ನೋಡಿದೆವು. ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಅವರ ಪತ್ನಿ ಶಾಲಾ ಶಿಕ್ಷಕಿಯಾಗಿದ್ದವರು. ಇನ್ನೊಬ್ಬರು ಕುವೈತ್‌ನಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ ಆಗಿ ದುಡಿದು ಊರಿಗೆ ಮರಳಿದವರು, ಅವರ ಪತ್ನಿ ಅಷ್ಟೂ ವರ್ಷ ಮನೆ, ತೋಟ, ಮಕ್ಕಳನ್ನು ಒಬ್ಬರೇ ನೋಡಿಕೊಂಡವರು. ಕುವೈತ್‌ನಿಂದ ಬಂದ ಮಿತ್ರರಿಗೆ ವ್ಯಾನ್ ಕೊಂಡೇ ತೀರಬೇಕೆಂಬ ಹಟ. ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ತೆಗೆದುಕೊಂಡು ನೋಡುವ ಎಂದು ಉಳಿದ ಮೂವರು ಅವರನ್ನು ಒಪ್ಪಿಸಿದೆವು. 2025ರ ಜನವರಿಯ ಆ ಏಳು ದಿನಗಳಲ್ಲಿ ನಾವು ಕಂಡದ್ದನ್ನೂ ಬರೆದಿಟ್ಟ ಲೆಕ್ಕವನ್ನೂ ಇಲ್ಲಿ ಕೊಡುತ್ತಿದ್ದೇವೆ. ಇದೇ ಆಸೆ ಇರುವವರಿಗೆ ಇದರಿಂದ ಉಪಯೋಗವಾದೀತು.

ಕ್ಯಾರವಾನ್ ಎಂದರೇನು?

ನಮ್ಮಲ್ಲಿ ಕ್ಯಾರವಾನ್ ಎಂದ ಕೂಡಲೇ ಸಿನಿಮಾ ನಟರು ಶೂಟಿಂಗ್ ನಡುವೆ ಕುಳಿತುಕೊಳ್ಳುವ ದೊಡ್ಡ ಬಸ್ಸು ನೆನಪಾಗುತ್ತದೆ. ಪ್ರವಾಸಕ್ಕೆ ಬಳಸುವುದು ಅದಕ್ಕಿಂತ ಚಿಕ್ಕದು. ಸಾಮಾನ್ಯವಾಗಿ ಟೆಂಪೊ ಟ್ರಾವೆಲರ್‌ನಂಥ ವಾಹನದ ಒಳಗೆ ಮಲಗುವ ಬರ್ತ್‌ಗಳು, ಚಿಕ್ಕ ಅಡಿಗೆ ಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್, ಒಂದು ಪುಟ್ಟ ಶೌಚಾಲಯ ಜೋಡಿಸಿರುತ್ತಾರೆ. ಇದನ್ನೇ ಕ್ಯಾಂಪರ್ ವ್ಯಾನ್ ಎಂದೂ ಕರೆಯುತ್ತಾರೆ.

ಹಳೆಯ ವ್ಯಾನ್ ಒಂದನ್ನು ಕೊಂಡು ಊರಿನ ಗ್ಯಾರೇಜಿನಲ್ಲಿ ಮಂಚ, ಒಲೆ ಕೂರಿಸಿದರೆ ಆಯಿತು ಎಂದು ಭಾವಿಸುವವರಿದ್ದಾರೆ. ಇದು ಅಪಾಯದ ಯೋಚನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಕ್ಯಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಅದರಂತೆ ಪ್ರಮಾಣಪತ್ರ ಪಡೆದ ವಾಹನವನ್ನೇ ನೋಡಬೇಕು. ಇಲ್ಲವಾದರೆ ಆರ್‌ಟಿಒ ದಂಡ ಒಂದು ಕಡೆ, ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಇನ್ನೊಂದು ಕಡೆ.

ಚಾಲನಾ ಪರವಾನಗಿಯ ವಿಷಯದಲ್ಲಿ ಹೆಚ್ಚು ತೊಂದರೆಯಿಲ್ಲ. ಒಟ್ಟು ತೂಕ 7,500 ಕಿಲೋ ಮೀರದ ವಾಹನಗಳಿಗೆ ಕಾರಿನ ಲೈಸೆನ್ಸೇ ಸಾಕು. ಆದರೆ ವಯಸ್ಸಿನ ವಿಷಯವಿದೆ. 55 ದಾಟಿದ ಮೇಲೆ ನವೀಕರಿಸಿದ ಲೈಸೆನ್ಸ್ ಐದು ವರ್ಷ ಮಾತ್ರ ನಡೆಯುತ್ತದೆ, ವೈದ್ಯರ ಪ್ರಮಾಣಪತ್ರವೂ ಬೇಕು. ನಮ್ಮ ನಾಲ್ವರಲ್ಲಿ ಇಬ್ಬರ ಕಣ್ಣಿನ ಪೊರೆ ತೆಗೆದಿದೆ. ಘಾಟಿಯಲ್ಲಿ ಅಷ್ಟು ಉದ್ದದ ವಾಹನ ಬಿಡುವ ಧೈರ್ಯ ನಮಗೆ ಬರಲಿಲ್ಲ. ಚಾಲಕನ ಸಮೇತ ಬಾಡಿಗೆಗೆ ಪಡೆದೆವು.

ನಮ್ಮ ಮನೆ ಮುಂದಿನ ರಸ್ತೆ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ಗೋವಾ, ಊಟಿ, ವೇಲಾಂಕಣಿ ಎಂದೆಲ್ಲ ಮಾತು ನಡೆಯಿತು. ಕೊನೆಗೆ ಶಿಕ್ಷಕಿಯಾಗಿದ್ದವರು ಒಂದು ಹಳೆಯ ನಕಾಶೆ ಹರಡಿ ತೋರಿಸಿದರು. ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಚಾರ್ಮಾಡಿ ಘಾಟಿ, ಮೂಡಿಗೆರೆ, ಬೇಲೂರು, ಹಳೇಬೀಡು, ಬಾಣಾವರ, ಹುಳಿಯಾರು, ಶಿರಾ, ಮಧುಗಿರಿ ದಾಟಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಸಾಲಾಗಿ ಪೋಣಿಸಿಕೊಂಡು ತಮಿಳುನಾಡಿನ ವಿಲ್ಲುಪುರಂಗೆ ಹೋಗುವ ಒಂದೇ ರಸ್ತೆ. ಅದು ಹಿಂದಿನ ರಾಷ್ಟ್ರೀಯ ಹೆದ್ದಾರಿ 234. ಈಗ ಸಂಖ್ಯೆ ಬದಲಾಗಿದೆ. ಮಂಗಳೂರಿನಿಂದ ಬಾಣಾವರದವರೆಗಿನ ಭಾಗ 73ನೇ ಹೆದ್ದಾರಿಗೆ ಸೇರಿದೆ, ಅಲ್ಲಿಂದ ಮುಂದೆ ಚಿಂತಾಮಣಿ ದಾಟಿ ಮುಳಬಾಗಿಲುವರೆಗೆ 69. ಬೆಂಗಳೂರಿಗೆ ನೂರು ಸಲ ಹೋದವರು ನಾವು. ಆದರೆ ನಮ್ಮ ಊರಿಂದ ಹೊರಟ ಈ ರಸ್ತೆಯ ಇನ್ನೊಂದು ಬದಿಯನ್ನು ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಇತ್ತು. ಗುರುತು ಪರಿಚಯವಿಲ್ಲದ, ಪ್ರವಾಸಿ ವ್ಯವಸ್ಥೆ ಹೆಚ್ಚಿಲ್ಲದ ಊರುಗಳಲ್ಲಿ ವ್ಯಾನ್ ಹೇಗೆ ನಡೆಯುತ್ತದೆ ಎಂದು ನೋಡಿದರೆ ಮಾತ್ರ ಅದು ನಿಜವಾದ ಪರೀಕ್ಷೆ. ರೆಸಾರ್ಟ್ ಅಂಗಳದಲ್ಲಿ ಯಾವ ವ್ಯಾನಾದರೂ ಚೆನ್ನಾಗಿಯೇ ಕಾಣುತ್ತದೆ.

ಕಂಡ ಸುಖ

ಮೊದಲ ಸುಖವೆಂದರೆ ಅವಸರವಿಲ್ಲದಿರುವುದು. ಬೇಲೂರಿನಲ್ಲಿ ಒಂದು ರಾತ್ರಿ ನಿಂತೆವು. ನಮ್ಮ ಮಿತ್ರರ ಪತ್ನಿ ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ ಬೇಲೂರಿನ ಮೇಲಿಂದ ನಾಲ್ಕು ಬಾರಿ ಹಾದು ಹೋಗಿದ್ದರಂತೆ, ಒಮ್ಮೆಯೂ ಇಳಿದಿರಲಿಲ್ಲ. ಮೈಸೂರಿನ ಡಿ. ಕೃಷ್ಣಕುಮಾರ್ ಅವರ ಕಥೆ ನಮಗೆ ಅಲ್ಲಿ ನೆನಪಾಯಿತು. ದೊಡ್ಡ ಕುಟುಂಬಕ್ಕೆ ಅಡಿಗೆ ಮಾಡುತ್ತ ಹತ್ತಿರದ ಸ್ಥಳಗಳನ್ನೂ ನೋಡದೆ ಉಳಿದ ತಾಯಿ ಚೂಡಾರತ್ನ ಅವರನ್ನು ಕರೆದುಕೊಂಡು ಅವರು 2018ರ ಜನವರಿಯಲ್ಲಿ ತಂದೆಯ ಕಾಲದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಹೊರಟರು. ತಾಯಿಗೆ ಆಗ ಎಪ್ಪತ್ತು ಸಮೀಪಿಸಿದ ವಯಸ್ಸು. ಭಾರತವಲ್ಲದೆ ನೇಪಾಳ, ಭೂತಾನ್, ಮ್ಯಾನ್ಮಾರ್‌ವರೆಗೂ ಹೋಗಿ ಬಂದರು. ಅವರ ಬಳಿ ಕ್ಯಾರವಾನ್ ಇರಲಿಲ್ಲ, ಹಳೆಯ ಸ್ಕೂಟರ್ ಇತ್ತು. ಪ್ರವಾಸಕ್ಕೆ ಏನು ಬೇಕು ಎಂಬ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.

ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಅರ್ಧ ದಿನ ಕಳೆದೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳವಿದು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಇದನ್ನು ಕರೆಯುತ್ತಾರೆ. ಪಾಠಪುಸ್ತಕದಲ್ಲಿ ಮೂವತ್ತು ವರ್ಷ ಇದನ್ನು ಹೇಳಿಕೊಟ್ಟ ಶಿಕ್ಷಕಿ ಸ್ಮಾರಕದ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತರು.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರು 1908ರಲ್ಲಿ ಮುಂಬಯಿ ಪ್ರಾಂತದ ಸೇವೆ ಬಿಟ್ಟು ವಿದೇಶ ಪ್ರವಾಸಕ್ಕೆ ಹೋಗಿದ್ದರು. ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ಮೂಸಿ ನದಿಯ ಪ್ರವಾಹದ ನಂತರದ ಕೆಲಸಕ್ಕೆ ಅವರಿಗೆ ಕರೆ ಬಂತು. ಮೈಸೂರಿನ ದಿವಾನರಾದದ್ದು ಅದಕ್ಕೂ ಆಮೇಲೆ, 1912ರಲ್ಲಿ. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ನಿವೃತ್ತಿ ಎಂದರೆ ಮುಗಿಯಿತು ಎಂದು ಕೈಕಟ್ಟಿ ಕೂರುವವರು ಆ ಊರಿಗೊಮ್ಮೆ ಹೋಗಿಬರಬೇಕು.

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಬೆಳಗ್ಗೆ ಅಲ್ಲಿಗೆ ಹೋದರೆ ಸಾಲು ಸಾಲು ತಟ್ಟೆಗಳಲ್ಲಿ ಗೂಡುಗಳ ರಾಶಿ. ನೂಲು ಬಿಚ್ಚುವವರು ಒಂದೊಂದು ರಾಶಿಗೂ ಕೈಹಾಕಿ, ಗೂಡು ಅಲ್ಲಾಡಿಸಿ ನೋಡುತ್ತಾರೆ. ಒಬ್ಬ ರೈತ ನಮಗೆ ವಿವರಿಸಿದ: ಗೂಡು ಕಟ್ಟಿ ಮುಗಿದ ಮೇಲೆ ಕೆಲವೇ ದಿನಗಳೊಳಗೆ ಮಾರಬೇಕು, ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ, ಆಗ ನೂಲು ತುಂಡು ತುಂಡು. ಬೆಲೆ ಇಳಿದಿದೆ ಎಂದು ಕಾಯುವ ಹಾಗಿಲ್ಲ. "ನೀವು ಎಲ್ಲಿಂದ ಬಂದ್ರಿ ತಾತ?" ಎಂದು ಆತ ಕೇಳಿದ. ಹೇಳಿದೆವು. ಹೊರಗೆ ನಿಂತ ವ್ಯಾನ್ ನೋಡಿ "ಮಂಗ್ಳೂರಿಂದ ಮನೇನೇ ಎತ್ಕೊಂಡು ಬಂದ್ಬಿಟ್ಟಿದ್ದೀರಲ್ಲ!" ಎಂದು ನಕ್ಕ. ವ್ಯಾನಿನಿಂದಾದ ದೊಡ್ಡ ಲಾಭಗಳಲ್ಲಿ ಇದೂ ಒಂದು. ಅದನ್ನು ನೋಡಲು ಜನ ಬರುತ್ತಾರೆ, ಬಂದವರು ಮಾತನಾಡುತ್ತಾರೆ.

ಚಿಂತಾಮಣಿಯ ಬಳಿಯ ಕೈವಾರದಲ್ಲಿ ಯೋಗಿ ನಾರೇಯಣರ ಮಠ ನೋಡಿದೆವು. ಬಳೆ ಮಾರಿ ಜೀವನ ನಡೆಸುತ್ತಿದ್ದ, ಕನ್ನಡ ತೆಲುಗು ಎರಡರಲ್ಲೂ ಪದ ಹಾಡಿದ ಅವರನ್ನು ಅಲ್ಲಿಯ ಜನ ಕೈವಾರ ತಾತಯ್ಯ ಎನ್ನುತ್ತಾರೆ. ಅಂಗಡಿಯವರು ನಮ್ಮೊಡನೆ ಕನ್ನಡದಲ್ಲೂ ತಮ್ಮೊಳಗೆ ತೆಲುಗಿನಲ್ಲೂ ಮಾತನಾಡುತ್ತಿದ್ದರು. ನಾವು ನಮ್ಮೊಳಗೆ ಕೊಂಕಣಿ. ಗಡಿಯ ಜನ ಗಡಿಯ ಜನರನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಪಟ್ಟ ಪಾಡು

ಸುಖದ ಮಾತಷ್ಟೇ ಹೇಳಿದರೆ ಓದುಗರಿಗೆ ಮೋಸ ಮಾಡಿದಂತೆ. ಮೊದಲನೆಯದು ನೀರು. ಮನೆಯ ಬಾವಿಯಿಂದ ಬೇಕಾದಷ್ಟು ಸೇದಿ ಅಭ್ಯಾಸವಾದ ಕರಾವಳಿಯವರಿಗೆ ನೂರು ಲೀಟರ್ ಟ್ಯಾಂಕ್ ಎಂದರೆ ಏನೆಂದು ಎರಡನೇ ದಿನ ಗೊತ್ತಾಯಿತು. ನಾಲ್ವರು ಮುಖ ತೊಳೆದು, ಪಾತ್ರೆ ತೊಳೆದು, ಶೌಚಕ್ಕೆ ಬಳಸಿದರೆ ಅದು ಒಂದು ದಿನಕ್ಕೂ ಸಾಲದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಜನ ಬಹಳ ಆಳದ ಕೊಳವೆಬಾವಿಗಳನ್ನು ನಂಬಿ ಬದುಕುತ್ತಾರೆ. ಅಂಥಲ್ಲಿ ಟ್ಯಾಂಕ್ ತುಂಬಿಸಿ ಎಂದು ಕೇಳಲು ನಮಗೇ ಸಂಕೋಚವಾಯಿತು.

ಎರಡನೆಯದು ಶೌಚಾಲಯ. ವ್ಯಾನಿನ ಶೌಚದ ಪೆಟ್ಟಿಗೆಯನ್ನು ಒಂದೆರಡು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಕ್ಯಾಂಪ್ ಮೈದಾನಗಳಿವೆ. ಅಲ್ಲಿ ನೀರು, ವಿದ್ಯುತ್, ಕೊಳಚೆ ಬಿಡುವ ವ್ಯವಸ್ಥೆ ಎಲ್ಲವೂ ಸಿಗುತ್ತದೆ. ನಮ್ಮ ದೇಶದಲ್ಲಿ ಈ ಕೆಲಸ ಈಗಷ್ಟೇ ಶುರುವಾಗಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಯೋಜನೆ ಪ್ರಕಟಿಸಿತು, 2022ರಲ್ಲಿ ವಾಗಮಣ್‌ನಲ್ಲಿ ಅಲ್ಲಿಯ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯೂ ಕ್ಯಾರವಾನ್ ಪ್ರವಾಸವನ್ನು ಹೆಸರಿಸಿತ್ತು. ಆದರೆ ನಾವು ಹೋದ ಹಾದಿಯಲ್ಲಿ ಅಂಥ ಒಂದು ನಿಲ್ದಾಣವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನಾಲ್ಕು ರಾತ್ರಿ ಲಾಡ್ಜ್ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ ಒಂದು ರೂಮನ್ನೂ ಹಿಡಿದೆವು. ಸ್ನಾನ, ಶೌಚ ಎಲ್ಲ ಆ ರೂಮಿನಲ್ಲಿ. ರಾತ್ರಿ ಚಾಲಕ ಅಲ್ಲಿ ಹಾಸಿಗೆಯ ಮೇಲೆ ಹಾಯಾಗಿ ಮಲಗಿದ, ಹಣ ಕೊಟ್ಟ ನಾವು ವ್ಯಾನಿನ ಬರ್ತ್‌ನಲ್ಲಿ ಕಾಲು ಮಡಚಿ ಮಲಗಿದೆವು.

ಮೂರನೆಯದು ಅಡಿಗೆ. ಊರಿಂದ ಐದು ಕಿಲೋ ಕುಚ್ಚಲಕ್ಕಿ ಕಟ್ಟಿಕೊಂಡು ಹೋಗಿದ್ದೆವು. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು, ಎಷ್ಟು ಗ್ಯಾಸ್, ಎಷ್ಟು ನೀರು ಬೇಕು ಎಂಬುದು ಮನೆಯಲ್ಲಿದ್ದಾಗ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ಜಾಗದಲ್ಲಿ ಆವಿ ತುಂಬಿ ಕನ್ನಡಕಗಳೆಲ್ಲ ಮಸುಕು. "ಮನೆಯಲ್ಲಿ ನಲವತ್ತು ವರ್ಷ ಬೇಯಿಸಿದ್ದು ಸಾಲದೆ ಇಲ್ಲಿಯೂ ಬೇಯಿಸಬೇಕಾ ಮಾರಾಯ್ರೇ?" ಎಂದು ಮಿತ್ರರ ಪತ್ನಿ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮೂರನೇ ದಿನದಿಂದ ಮುದ್ದೆ, ಅವರೆಕಾಳಿನ ಸಾರು ಸಿಗುವ ಹೋಟೆಲುಗಳನ್ನು ಹುಡುಕಿದೆವು. ಜನವರಿ ಅವರೆಯ ಕಾಲ. ಹಿತುಕಿದ ಅವರೆಬೇಳೆಯ ಸಾರಿನ ರುಚಿ ನಾಲ್ವರಿಗೂ ಹಿಡಿಯಿತು. ಕುಚ್ಚಲಕ್ಕಿ ನಾಲ್ಕು ಕಿಲೋ ಹಾಗೆಯೇ ಮನೆಗೆ ವಾಪಸು ಬಂತು.

ನಾಲ್ಕನೆಯದು ದೇಹ. ಶಿಡ್ಲಘಟ್ಟದಲ್ಲಿ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಇಳಿದ ಮಿತ್ರರು ವ್ಯಾನಿನ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದರು. ಹಿಮ್ಮಡಿ ಊದಿಕೊಂಡಿತು. ಮೂಳೆ ಮುರಿದಿಲ್ಲ ಎಂದು ವೈದ್ಯರು ಹೇಳುವವರೆಗೆ ನಮ್ಮ ಜೀವ ಕೈಯಲ್ಲಿತ್ತು. ಮರುದಿನ ನಂದಿಬೆಟ್ಟದ ಆಸೆ ಬಿಟ್ಟೆವು. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಉದ್ದದ ವ್ಯಾನ್ ಹತ್ತಿಸಲು ಚಾಲಕನಿಗೂ ಮನಸ್ಸಿರಲಿಲ್ಲ. ಬೆಟ್ಟವನ್ನು ಕೆಳಗಿನಿಂದ ನೋಡಿ ಮುಂದೆ ಹೋದೆವು.

ಏಳು ದಿನದ ಲೆಕ್ಕ

ಹೋಗುವಾಗ ಹಳೆಯ 234ರ ಹಾದಿ, ಬರುವಾಗ ಬೆಂಗಳೂರು, ಹಾಸನ, ಶಿರಾಡಿ ಘಾಟಿಯ ಹಾದಿ. ಒಟ್ಟು ಓಡಿದ್ದು ಸುಮಾರು 1,150 ಕಿ.ಮೀ. ಬ್ಯಾಂಕಿನವರು ಬರೆದಿಟ್ಟ ಲೆಕ್ಕ ಹೀಗಿದೆ:

ವ್ಯಾನ್ ಬಾಡಿಗೆ, ದಿನಕ್ಕೆ 8,000ದಂತೆ 7 ದಿನಕ್ಕೆ: 56,000 ರೂ.
ಡೀಸೆಲ್, ಲೀಟರಿಗೆ 9 ಕಿ.ಮೀ.ಯಂತೆ: 11,400 ರೂ.
ಚಾಲಕನ ಭತ್ಯೆ: 4,900 ರೂ.
ಟೋಲ್: 1,500 ರೂ.
ನಾಲ್ಕು ರಾತ್ರಿಯ ಲಾಡ್ಜ್ ರೂಮು: 3,200 ರೂ.
ಊಟ, ತಿಂಡಿ, ದಿನಸಿ: 7,000 ರೂ.
ಒಟ್ಟು: 84,000 ರೂ.

ಒಂದು ಜೋಡಿಗೆ 42,000 ರೂ. ಬಿತ್ತು. ಇದೇ ಹಾದಿಯಲ್ಲಿ ನಾಲ್ವರೂ ಒಂದೇ ಕಾರಿನಲ್ಲಿ ಹೋಗಿ, ಆರು ರಾತ್ರಿ ಸಾಧಾರಣ ಲಾಡ್ಜಿನಲ್ಲಿ ಎರಡು ರೂಮು ಹಿಡಿದು, ಎಲ್ಲ ಊಟವೂ ಹೋಟೆಲಿನಲ್ಲೇ ಮಾಡಿದ್ದರೆ ಎಷ್ಟಾಗುತ್ತಿತ್ತು ಎಂದೂ ಲೆಕ್ಕ ಹಾಕಿದೆವು. ಪೆಟ್ರೋಲ್ 7,400, ಟೋಲ್ 1,000, ದಿನಕ್ಕೆ 1,800ದ ಎರಡು ರೂಮಿನಂತೆ 21,600, ಊಟಕ್ಕೆ 12,000. ಒಟ್ಟು 42,000 ರೂ. ಸರಿಯಾಗಿ ಅರ್ಧ.

ಬಸ್ಸಿನ ದಾರಿಯೂ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ಬೇಡ. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸದಿದ್ದರೂ ಘಾಟಿ ಹತ್ತುವ ಕೆಂಪು ಬಸ್ಸುಗಳಲ್ಲಿ ಅನುಕೂಲವಿದೆ. 60 ದಾಟಿದ ಗಂಡಸರಿಗೂ ಕೆಎಸ್‌ಆರ್‌ಟಿಸಿ ಶೇಕಡಾ 25ರಷ್ಟು ರಿಯಾಯಿತಿ ಕೊಡುತ್ತದೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೂ ಬೆಂಗಳೂರಿನಿಂದ ಗೌರಿಬಿದನೂರಿಗೂ, ಇನ್ನೊಂದು ಹಳಿಯಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೂ ರೈಲಿನಲ್ಲಿ ಹೋಗಬಹುದು.

ಕೊಂಡರೆ ಏನಾಗುತ್ತದೆ?

ಇಷ್ಟು ನೋಡಿದ ಮೇಲೂ ಮಿತ್ರರ ವಾದ ಒಂದೇ. "ಬಾಡಿಗೆ ಕೊಟ್ಟ ಹಣ ಹೋಯಿತು. ಸ್ವಂತದ್ದಾದರೆ ನಮ್ಮದೇ ಆಗಿ ಉಳಿಯುತ್ತದೆ." ಇದು ಬಹಳ ಜನರ ವಾದ. ಇದನ್ನು ನಿಧಾನವಾಗಿ ಪರಿಶೀಲಿಸಬೇಕು.

ಒಳ್ಳೆಯ ಒಂದು ವ್ಯಾನ್ ತಯಾರಾಗಿ ಕೈಗೆ ಬರುವಾಗ 25 ಲಕ್ಷ ರೂ. ಆಗುತ್ತದೆ ಎಂದಿಟ್ಟುಕೊಳ್ಳೋಣ. ಅದೇ 25 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ? 60 ದಾಟಿದವರು ಇದರಲ್ಲಿ 30 ಲಕ್ಷದವರೆಗೆ ಇಡಬಹುದು. ಬಡ್ಡಿ ದರ 2023ರ ಏಪ್ರಿಲ್‌ನಲ್ಲಿ ಶೇಕಡಾ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುವುದರಿಂದ ಹಣ ಇಡುವ ದಿನ ವಿಚಾರಿಸಿಕೊಳ್ಳಬೇಕು. ಆ ದರದಲ್ಲಿ 25 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 51,250 ರೂ. ಬರುತ್ತದೆ, ವರ್ಷಕ್ಕೆ 2,05,000. ತಿಂಗಳ ಲೆಕ್ಕದಲ್ಲಿ ಸುಮಾರು 17,000 ರೂ. ಬಡ್ಡಿಗೆ ಆದಾಯ ತೆರಿಗೆ ಇದೆಯಾದರೂ ಅಸಲು ಹಾಗೆಯೇ ಇರುತ್ತದೆ.

ವ್ಯಾನ್ ಕೊಂಡರೆ ಈ 2,05,000 ಬರುವುದಿಲ್ಲ. ವಿಮೆ, ಸರ್ವಿಸ್, ಟೈರ್, ಬ್ಯಾಟರಿಗೆ ವರ್ಷಕ್ಕೆ 70,000 ಎನ್ನೋಣ. ಎಂಟು ವರ್ಷದಲ್ಲಿ ವ್ಯಾನಿನ ಬೆಲೆ ಅರ್ಧಕ್ಕೆ ಇಳಿದರೆ ವರ್ಷಕ್ಕೆ ಒಂದೂವರೆ ಲಕ್ಷ ಸವಕಳಿ. ಮೂರೂ ಸೇರಿ ವರ್ಷಕ್ಕೆ 4,25,000 ರೂ. ಇದು ವ್ಯಾನ್ ಅಂಗಳದಿಂದ ಹೊರಗೆ ಕಾಲಿಡುವ ಮೊದಲಿನ ಖರ್ಚು. ದಿನಕ್ಕೆ 8,000ದ ಬಾಡಿಗೆಯೊಡನೆ ಹೋಲಿಸಿದರೆ ವರ್ಷಕ್ಕೆ 53 ದಿನಗಳಿಗಿಂತ ಹೆಚ್ಚು ಓಡಾಡುವವರಿಗೆ ಮಾತ್ರ ಕೊಳ್ಳುವುದು ಲಾಭ.

ವರ್ಷಕ್ಕೆ 53 ದಿನ ಓಡಾಡುವವರು ಯಾರು? ಮೊದಲ ವರ್ಷ ಹುರುಪಿನಲ್ಲಿ ಓಡಾಡಿಯೇವು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತದ್ದನ್ನು ಯಾರೂ ಮರೆತಿಲ್ಲ. ಬೇಸಗೆಯಲ್ಲಿ ವಿದೇಶದಿಂದ ಮೊಮ್ಮಕ್ಕಳು ಬರುತ್ತಾರೆ. ಮದುವೆ, ರೋಸ್, ಹಬ್ಬ, ಅಡಿಕೆ ಕೊಯ್ಲು, ಮೂರು ತಿಂಗಳಿಗೊಮ್ಮೆ ವೈದ್ಯರ ಭೇಟಿ. ಓಡದೆ ನಿಂತ ವ್ಯಾನಿಗೆ ನಮ್ಮ ಕಡಲ ಗಾಳಿಯ ತುಕ್ಕು, ಒಳಗಿನ ಹಾಸಿಗೆಗೆ ಮಳೆಗಾಲದ ಬೂಸು. ಕುವೈತ್‌ನಲ್ಲಿ ಗಾಡಿಗಳ ನಡುವೆಯೇ ಬದುಕಿದ ಮಿತ್ರರಿಗೆ ಈ ತುಕ್ಕಿನ ಮಾತು ಬಡ್ಡಿಯ ಮಾತಿಗಿಂತ ಬೇಗ ಮನಸ್ಸಿಗೆ ನಾಟಿತು.

ಒಂದೇ ವ್ಯಾನ್, ಬೇರೆ ಬೇರೆ ಭಾರ

ಇಲ್ಲಿ ಇನ್ನೊಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಬ್ಯಾಂಕಿನವರಿಗೂ ಅನುದಾನಿತ ಶಾಲೆಯ ಹಳೆಯ ಶಿಕ್ಷಕರಿಗೂ ತಿಂಗಳ ಪಿಂಚಣಿ ಇದೆ. ವ್ಯಾನಿನಲ್ಲಿ ಹಣ ಹೋದರೂ ಮರು ತಿಂಗಳು ಅನ್ನಕ್ಕೆ ಕೊರತೆಯಿಲ್ಲ. ಗಲ್ಫ್‌ನಿಂದ ಮರಳಿದ ನಮ್ಮ ಬಂಧುಗಳಿಗೆ ಪಿಂಚಣಿ ಎಂಬುದಿಲ್ಲ. ಅವರ ಕೈಯಲ್ಲಿರುವ ಗಂಟೇ ಅವರ ಪಿಂಚಣಿ. ಖಾಸಗಿ ಕಂಪನಿ, ಹೆಂಚಿನ ಕಾರ್ಖಾನೆ, ಬೀಡಿ ಉದ್ಯಮದಲ್ಲಿ ದುಡಿದವರಿಗೆ ಬರುವ ಭವಿಷ್ಯನಿಧಿ ಪಿಂಚಣಿಗೆ ಸರ್ಕಾರ 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂ. ಅವರಿಗೆ 25 ಲಕ್ಷ ಎಂದರೆ ಇಪ್ಪತ್ತು ವರ್ಷದ ಔಷಧ, ಅನ್ನ, ಮರ್ಯಾದೆ.

ಅದರಲ್ಲೂ ಹೆಚ್ಚಿನ ಮನೆಗಳಲ್ಲಿ ಗಂಡನಿಗಿಂತ ಹೆಂಡತಿ ಚಿಕ್ಕವಳು, ಆತನ ನಂತರವೂ ಬಾಳಬೇಕಾದವಳು. ವ್ಯಾನ್ ಕೊಳ್ಳುವ ತೀರ್ಮಾನಕ್ಕೆ ಹೆಚ್ಚಾಗಿ ಗಂಡಸು ಸಹಿ ಹಾಕುತ್ತಾನೆ, ಅದರ ಕೊರತೆಯನ್ನು ಮುಂದೆ ಹೆಂಗಸು ಅನುಭವಿಸುತ್ತಾಳೆ. ಆದ್ದರಿಂದ ಈ ಲೆಕ್ಕವನ್ನು ಇಬ್ಬರೂ ಕುಳಿತು, ಇಬ್ಬರಿಗೂ ಅರ್ಥವಾಗುವಂತೆ ಮಾಡಬೇಕು.

ವಿದೇಶದಲ್ಲಿ ಎಲ್ಲ ವೃದ್ಧರೂ ವ್ಯಾನಿನಲ್ಲಿ ಸುಖವಾಗಿದ್ದಾರೆ ಎಂಬ ಭ್ರಮೆಯೂ ಬೇಡ. ಜೆಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ನೋಮ್ಯಾಡ್‌ಲ್ಯಾಂಡ್ ಎಂಬ ಪುಸ್ತಕ ಬರೆದರು. 2008ರ ಆರ್ಥಿಕ ಕುಸಿತದ ಬಳಿಕ ಉಳಿತಾಯ ಕಳೆದುಕೊಂಡು, ಮನೆಯ ಖರ್ಚು ಭರಿಸಲಾಗದೆ ವ್ಯಾನಿನಲ್ಲೇ ಬದುಕುತ್ತ, ಕೆಲಸ ಹುಡುಕಿ ಊರಿಂದೂರಿಗೆ ಹೋಗುವ ಅಮೆರಿಕದ ಹಿರಿಯರ ಕಥೆ ಅದು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಅವರಲ್ಲಿ ಅನೇಕರು ಮನೆ ಉಳಿದಿಲ್ಲವೆಂದೇ ವ್ಯಾನ್ ಹತ್ತಿದವರು.

ಹಾಗಾದರೆ ಮನೆಯಲ್ಲೇ ಕೂರುವುದೇ?

ಖಂಡಿತ ಅಲ್ಲ. ನಮ್ಮ ವಾಳೆಯಲ್ಲೇ ಒಬ್ಬರಿದ್ದಾರೆ. ಮಗಳ ಮದುವೆಯಾಗಲಿ, ಮನೆಗೆ ಹೊಸ ಮಾಡು ಹಾಕಿಸುವ, ತೋಟಕ್ಕೆ ಬೋರ್ ಕೊರೆಸುವ ಎಂದು ಮುಂದೂಡುತ್ತ ಬಂದರು. ಎಲ್ಲ ಮುಗಿದಾಗ ಪತ್ನಿಗೆ ಪಾರ್ಶ್ವವಾಯು. ಈಗ ಹಣವಿದೆ, ಸಮಯವಿದೆ, ಆಕೆ ಕೋಣೆಯಿಂದ ಜಗಲಿಯವರೆಗೆ ಬರುವುದೇ ಪ್ರವಾಸ. ನಾವು ಮರಳಿ ಬಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಚಿತ್ರಗಳನ್ನು ಆಕೆಗೆ ತೋರಿಸಿದಾಗ ಒಂದೊಂದನ್ನೂ ಎರಡೆರಡು ಸಲ ನೋಡಿದರು. ಹೋಗಲು ಆಗುವ ವರ್ಷಗಳು ಎಣಿಸಿದಷ್ಟೇ ಇರುತ್ತವೆ. ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ನಮಗೆ ತೋಚಿದ ದಾರಿ ಇದು. ನಿವೃತ್ತಿಯ ಅಸಲನ್ನು ಮುಟ್ಟಬೇಡಿ. ಅದರ ಬಡ್ಡಿಯಲ್ಲಿ ಒಂದು ಪಾಲನ್ನು ಪ್ರವಾಸಕ್ಕೆಂದು ತೆಗೆದಿಡಿ. ತಿಂಗಳಿಗೆ 3,500 ಬದಿಗಿಟ್ಟರೆ ವರ್ಷಕ್ಕೆ 42,000, ಎಂದರೆ ನಾವು ಮಾಡಿದಂಥ ಒಂದು ವ್ಯಾನ್ ಪ್ರವಾಸಕ್ಕೆ, ಇಲ್ಲವೇ ಕಾರಿನಲ್ಲಿ ಎರಡು ಪ್ರವಾಸಗಳಿಗೆ ಒಂದು ಜೋಡಿಯ ಖರ್ಚು. ವ್ಯಾನಿನ ಆಸೆ ಇರುವವರು ಎರಡು ಮೂರು ಕುಟುಂಬ ಸೇರಿ ಬಾಡಿಗೆಗೆ ಪಡೆಯಿರಿ.

ಹೊರಡುವವರು ನೆನಪಿಡಬೇಕಾದ ಕೆಲವು ಅಂಶಗಳು:

ಬಾಡಿಗೆ ಕರಾರಿನಲ್ಲಿ ದಿನಕ್ಕೆ ಎಷ್ಟು ಕಿ.ಮೀ., ಡೀಸೆಲ್ ಯಾರದ್ದು, ಕೆಟ್ಟು ನಿಂತರೆ ಯಾರ ಹೊಣೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನೋಂದಣಿ ಮತ್ತು ವಿಮೆಯ ಪತ್ರ ನೋಡಿ.

ದಿನಕ್ಕೆ 200 ಕಿ.ಮೀ.ಗಿಂತ ಹೆಚ್ಚು ಓಡಿಸಬೇಡಿ. ಕತ್ತಲಾಗುವ ಮೊದಲು ನಿಲ್ಲುವ ಜಾಗ ಖಚಿತವಾಗಲಿ.

ಎರಡು ವಾರಕ್ಕೆ ಸಾಕಾಗುವ ಔಷಧ, ವೈದ್ಯರ ಚೀಟಿ, ರಕ್ತದ ಗುಂಪು ಬರೆದ ಕಾಗದ ಇರಲಿ. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112.

ರಾತ್ರಿ ಇಳಿಯುವ ಮೆಟ್ಟಿಲಿಗೆ ದೀಪ, ಹಿಡಿಕೆ ಇದೆಯೇ ನೋಡಿ. ಗ್ಯಾಸ್ ಒಲೆ ಉರಿಸುವಾಗ ಕಿಟಕಿ ತೆರೆದಿರಲಿ, ಮಲಗುವಾಗ ಸಿಲಿಂಡರ್ ಬಂದ್ ಮಾಡಿ.

ಜನವರಿಯಲ್ಲಿ ಬಯಲುಸೀಮೆಯ ಬೆಳಗಿನ ಚಳಿ ನಮ್ಮ ಕಡೆಯಂತಲ್ಲ. ಸ್ವೆಟರ್, ಕಂಬಳಿ ಮರೆಯಬೇಡಿ.

ಧರ್ಮಕೇಂದ್ರಗಳಿಗೊಂದು ಸಲಹೆ

ಕೊನೆಯದಾಗಿ ಚರ್ಚ್ ಪಾಲನಾ ಮಂಡಳಿಗಳವರಿಗೂ ವಾಳೆಯ ಗುರಿಕಾರರಿಗೂ ಒಂದು ಮಾತು. ವ್ಯಾನಿನ ಪ್ರವಾಸಕ್ಕೆ ಬೇಕಾದ್ದು ಸುರಕ್ಷಿತ ಅಂಗಳ, ಒಂದು ನಳ್ಳಿ, ಒಂದು ಶೌಚಾಲಯ. ಇವು ನಮ್ಮ ಹೆಚ್ಚಿನ ಚರ್ಚ್‌ಗಳಲ್ಲಿ ಇವೆ. ದೂರದಿಂದ ಬರುವ ಹಿರಿಯರು ಯಾವ ಧರ್ಮದವರೇ ಆಗಲಿ, ಮೊದಲೇ ಪತ್ರ ಬರೆದು ಅಥವಾ ಫೋನ್ ಮಾಡಿ ಕೇಳಿದರೆ ಒಂದು ರಾತ್ರಿ ಜಾಗ ಕೊಡುವ ಕ್ರಮವನ್ನು ಇಟ್ಟುಕೊಳ್ಳಬಹುದು. ನೀರಿಗೆ, ವಿದ್ಯುತ್ತಿಗೆ ಅವರೂ ಕೈಲಾದ ಕಾಣಿಕೆ ಹಾಕಲಿ. ಹೊರಡುವ ನಮ್ಮವರೂ ಹೋಗುವ ಊರಿನ ಧರ್ಮಗುರುಗಳನ್ನು ಮುಂಚಿತವಾಗಿ ಕೇಳಿಕೊಳ್ಳಲಿ. ನಾವು ಹೋದ ನಾಲ್ಕೂ ಊರುಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ. ಮುಂದಿನ ಸಲ ನಾವೂ ಮೊದಲೇ ಕೇಳಿಯೇ ಹೋಗುತ್ತೇವೆ.

ಹಾಗೆಯೇ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರನ್ನು ವರ್ಷಕ್ಕೊಮ್ಮೆ ಒಂದು ಬಸ್ಸಿನಲ್ಲಿ, ಆತುರವಿಲ್ಲದೆ, ಎರಡು ದಿನದ ಪ್ರವಾಸಕ್ಕೆ ಕರೆದೊಯ್ಯಬಹುದು. ವಿಧವೆಯರು, ಮಕ್ಕಳು ದೂರವಿರುವವರು ಹೀಗೆ ಯಾರಾದರೂ ಕರೆದರೆ ಮಾತ್ರ ಹೊರಡುತ್ತಾರೆ.

ನಮ್ಮ ಮಿತ್ರರು ವ್ಯಾನ್ ಕೊಳ್ಳಲಿಲ್ಲ. ಹಣವನ್ನು ಅಂಚೆ ಕಚೇರಿಯಲ್ಲಿ ದಂಪತಿಗಳಿಬ್ಬರ ಜಂಟಿ ಖಾತೆಯಲ್ಲಿ ಇಟ್ಟಿದ್ದಾರೆ. ಕಾಲಿನ ಊತ ಇಳಿದ ಮೇಲೆ ನಂದಿಬೆಟ್ಟ ನೋಡದೆ ಉಳಿಯಿತು ಎಂದು ಆಗಾಗ ಹೇಳುತ್ತಿದ್ದರು. ಈ ಬಾರಿ ಟಿಕೆಟ್ ಲೆಕ್ಕ ಹಾಕಿದವರು ಅವರ ಪತ್ನಿ. "ನನಗೆ ಹೇಗೂ ಬಸ್ಸು ಫ್ರೀ, ನಿಮ್ಮದು ಮಾತ್ರ ಕೊಡುವ" ಎಂದಿದ್ದಾರೆ. ಮಳೆ ಬಿಟ್ಟ ಮೇಲೆ ನಾಲ್ವರೂ ಕೆಂಪು ಬಸ್ಸಿನಲ್ಲಿ ಹೊರಡುವುದೆಂದು ಮಾತಾಗಿದೆ. ಕುಚ್ಚಲಕ್ಕಿ ಒಯ್ಯುವುದಿಲ್ಲ.